ಅಪ್‌ಡೇಟ್: ಸಾಂಬ್ರಾದ ಹಳೇ ಸೆಸ್ನಾ 152, ಮಾಲೀಕರು ಯಾರು?

ಈ ಎರಡು ಸೀಟಿನ ಸಣ್ಣ ವಿಮಾನ ಕೊಳ್ಳೋ ಮುಂಚೆ, ಮಾರೋರೇ ಖರೇ ಮಾಲೀಕರು ಅಂತ ಹೆಂಗ ತಿಳ್ಕೊಳ್ಳೋದು ಅಂತ ಹಿಂದ ನಿಮ್ಮನ್ನ ಕೇಳಿದ್ದೆ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕೊಟ್ಟ ನೋಂದಣಿ ಪ್ರಮಾಣಪತ್ರದಾಗ ಅವರ ಹೆಸರೇನೋ ಐತಿ, ಜೊತಿಗೆ ಬ್ಯಾಂಕಿನ ಅಡಮಾನದ ನಮೂದೂ ಐತಿ. ‘ಸಾಲ ತೀರೇತ್ರಿ’ ಅನ್ನೋ ಬಾಯಿಮಾತು ನಡಿಯಂಗಿಲ್ಲ. ಬ್ಯಾಂಕಿನ ಎನ್‌ಒಸಿ ಬಂದು ಆ ನಮೂದು ಹೋಗೋತನಕ ಅಡ್ವಾನ್ಸ್ ಇಲ್ಲ.

ಬಾಲದ ಕಡೆ ಬರೆದ ವಿಟಿ ಗುರುತು (ಭಾರತದ ವಿಮಾನದ ನೋಂದಣಿ ಗುರುತು) ನೋಡಿ ಸುಮ್ಮನಾಗಬ್ಯಾಡ್ರಿ, ಅದು ಬರೇ ಬಣ್ಣ. ರಿವೆಟ್ ಹೊಡೆದ ಪ್ಲೇಟಿನ ಸೀರಿಯಲ್ ನಂಬರೇ ಮುಖ್ಯ. ಇಲ್ಲಿ ಬಣ್ಣ ಮೆತ್ತಿ 3 ಅನ್ನೋದು 8ರಂಗ ಕಾಣತಿತ್ತು. ಒರೆಸಿದಮ್ಯಾಲೆ ಪ್ರಮಾಣಪತ್ರಕ್ಕೂ ಲಾಗ್‌ಬುಕ್ಕಿಗೂ (ಹಾರಾಟ, ದುರಸ್ತಿ ಬರೆದಿಡೋ ಪುಸ್ತಕ) ತಾಳೆ ಆತು. ಎಂಜಿನ್ ನಂಬರ್ ಬ್ಯಾರೆ ಇದ್ರ ಗಾಬರಿ ಬ್ಯಾಡ, ಬದಲಿಸಿದ ತಾರೀಖು ಲಾಗ್‌ಬುಕ್ಕಿನಾಗ ಇದ್ರ ಆತು.

ವಿಮಾನದ ಮ್ಯಾಲಿನ ಸಾಲದ ಹಕ್ಕು ದಾಖಲಾಗೋ ಕೇಪ್‌ಟೌನ್ ಒಪ್ಪಂದದ ಅಂತರರಾಷ್ಟ್ರೀಯ ರಿಜಿಸ್ಟ್ರಿ ನೋಡ್ರಿ ಅಂತ ನೀವು ಅಂದಿದ್ರಿ. ಸಿಬ್ಬಂದಿ ಸೇರಿ ಕನಿಷ್ಠ 8 ಮಂದಿ ಕೂಡೋ ವಿಮಾನ ಇದ್ರ ಅದು ಸರಿ. ಈ ಎರಡು ಸೀಟಿಂದು ಅದರಾಗ ಬರಂಗಿಲ್ಲ.