ಬೆಂಚಿನಲ್ಲಿ ಕೂತ ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟೊಂದು ದುಡ್ಡು ಯಾಕೆ?

ಪ್ರಶ್ನೆ:
ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ದಾಳಿ ನಡೆಸಿ ಚೆಂಡು ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ಅಂಥ ಒಬ್ಬ ಚೇಸ್ ಡೇನಿಯಲ್, 2009ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವ ಸುತ್ತು) ಯಾರೂ ಆರಿಸದ ಆಟಗಾರ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಇಡೀ ವೃತ್ತಿಯಲ್ಲಿ ಸ್ಟಾರ್ಟರ್ (ಮೊದಲಿನಿಂದಲೇ ಆಡುವವ) ಆಗಿ ಇಳಿದದ್ದು ಐದೇ ಪಂದ್ಯಕ್ಕೆ, ಗಳಿಸಿದ್ದು ಸುಮಾರು 4 ಕೋಟಿ ಡಾಲರ್. ಆಡದವರಿಗೆ ತಂಡಗಳು ಇಷ್ಟು ಕೊಡುವುದು ಯಾವ ಕೆಲಸಕ್ಕೆ? ಇನ್ನೊಂದು, ಬ್ಯಾಕಪ್ (ಬದಲಿ ಕ್ವಾರ್ಟರ್‌ಬ್ಯಾಕ್) ದಿಢೀರನೆ ಇಳಿದಾಗ ಮೊದಲ ಕೆಲವು ಸ್ನ್ಯಾಪ್‌ಗಳಲ್ಲೇ (ಸೆಂಟರ್ ಎಂಬ ಆಟಗಾರ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು) ಎಡವುವುದೇಕೆ?

ಉತ್ತರ 1:
ಎಡವುವುದಕ್ಕೆ ಕಾರಣ ಅಭ್ಯಾಸದಲ್ಲೇ ಇದೆ. ತಂಡದ ಸ್ವಂತ ಪ್ಲೇಗಳ (ಮೊದಲೇ ಹೆಣೆದ ಆಟದ ತಂತ್ರಗಳ) ಹೆಚ್ಚುಕಡಿಮೆ ಎಲ್ಲ ಸ್ನ್ಯಾಪ್‌ಗಳೂ ಸ್ಟಾರ್ಟರ್‌ಗೇ ಹೋಗುತ್ತವೆ. ಬ್ಯಾಕಪ್ ಸ್ಕೌಟ್ ಟೀಮ್, ಅಂದರೆ ಅಭ್ಯಾಸದಲ್ಲಿ ಎದುರಾಳಿಯಂತೆ ಆಡುವ ಗುಂಪು, ನಡೆಸುತ್ತಾನೆ. ಕೋಚ್ ಹಿಡಿದ ಕಾರ್ಡ್ ನೋಡಿ, ಭಾನುವಾರದ ಎದುರಾಳಿ ಹೇಗೆ ಎಸೆಯುತ್ತಾನೋ ಹಾಗೇ ಎಸೆಯಬೇಕು. ಅಂದರೆ ಅವನ ಕೈಗೆ ರೂಢಿಯಾಗುವುದು ಪರರ ಆಟ! ತನ್ನ ತಂಡದ್ದನ್ನು ಸ್ಟಾರ್ಟರ್‌ನ ಹಿಂದೆ ನಿಂತು, ಚೆಂಡಿಲ್ಲದೆ, ಹೆಜ್ಜೆ ಮತ್ತು ಕಣ್ಣಿನಲ್ಲೇ ಕಲಿಯಬೇಕು. ಜೊತೆಗೆ ಎದುರಾಳಿಯ ಬ್ಲಿಟ್ಸ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗುವುದು) ವಿಡಿಯೊ ಜಾಲಾಡಿ ಸ್ಟಾರ್ಟರ್‌ಗೆ ಒಪ್ಪಿಸುವುದೂ ಅವನ ಪಾಲಿಗೆ ಬರುತ್ತದೆ.

ಉತ್ತರ 2:
ಮೊದಲು ಕೈಕೊಡುವುದು ಸ್ನ್ಯಾಪ್. ಸೆಂಟರ್‌ನ ಕೆಳಗೆ ಇಡುವ ಕೈಯ ಒತ್ತಡ ಒಬ್ಬೊಬ್ಬರದು ಒಂದೊಂದು ಥರ. ಸ್ವಲ್ಪ ಬೇಗ ಕೈ ಎಳೆದರೂ ಚೆಂಡು ನೆಲಕ್ಕೆ. ಸ್ನ್ಯಾಪ್‌ಗೆ ಕೂಗುವ ಲಯ ಬದಲಾದರೆ ಮುಂದಿನ ಸಾಲಿನ ಲೈನ್‌ಮನ್ ಮುಂಚೆಯೇ ಅಲ್ಲಾಡಿ 5 ಗಜ ದಂಡ. ಹಾಗಾಗಿ ಗಾಯಾಳುವನ್ನು ವೈದ್ಯರು ನೋಡುತ್ತಿರುವಾಗಲೇ ಮುಖ್ಯ ಸೆಂಟರ್ ಜೊತೆ ನಾಲ್ಕೈದು ಸ್ನ್ಯಾಪ್ ತೆಗೆದುಕೊಳ್ಳಲೇಬೇಕು. ತೋಳು ತಣ್ಣಗಾಗಿದ್ದರೆ ಚೆಂಡು ಅದನ್ನು ಹಿಡಿಯಬೇಕಾದ ರಿಸೀವರ್‌ನ ತಲೆ ಮೇಲೆ ಹಾರುತ್ತದೆ; ಪಂದ್ಯದುದ್ದಕ್ಕೂ ಆಗಾಗ ಎಸೆಯುತ್ತಲೇ ಇರಬೇಕು. ಕೋಚ್ ಪ್ಲೇ ಹೇಳುವ ಹೆಲ್ಮೆಟ್ ರೇಡಿಯೊ, ಸ್ನ್ಯಾಪ್‌ಗೆ ಮುಂಚಿನ ಹೊತ್ತನ್ನು ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಬಂದ್. ಉದ್ದನೆಯ ಕರೆಯನ್ನು ಹಡಲ್‌ನಲ್ಲಿ (ಆಟಗಾರರು ಸುತ್ತ ಸೇರಿದಾಗ) ತಡವರಿಸಿದರೆ ರಕ್ಷಣೆಯನ್ನು ಓದಲು ಹೊತ್ತೇ ಉಳಿಯದು.

ಒಳ್ಳೆ ಕೋಚ್ ಇಡೀ ಪ್ಲೇಬುಕ್ ಹೇರುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಈಗಲ್ಸ್ ತಂಡದ ಸ್ಟಾರ್ಟರ್ ಕಾರ್ಸನ್ ವೆಂಟ್ಸ್ ಮೊಣಕಾಲು ಹೋದಾಗ, ಕೋಚ್‌ಗಳು ಬ್ಯಾಕಪ್ ನಿಕ್ ಫೋಲ್ಸ್‌ಗೆ ಒಗ್ಗುವ ಪ್ಲೇಗಳನ್ನು ಆರಿಸಿಕೊಂಡರು, ಓಟವೋ ಎಸೆತವೋ ಎಂದು ಕೊನೇ ಕ್ಷಣದಲ್ಲಿ ತೀರ್ಮಾನಿಸುವಂಥವು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಫೋಲ್ಸ್ 373 ಗಜ ಎಸೆದು, ಒಂದು ಟಚ್‌ಡೌನ್ ತಾನೇ ಹಿಡಿದು, ಪೇಟ್ರಿಯಟ್ಸ್ ವಿರುದ್ಧ 41-33ರಲ್ಲಿ ಗೆಲ್ಲಿಸಿದರು. ದುಡ್ಡು ಯಾಕೆ ಅಂದರೆ ಇದಕ್ಕೇ.

ಉತ್ತರ 3:
ಬ್ಯಾಕಪ್‌ಗೂ ಪೆಟ್ಟಾದರೆ? 2023ರ ಜನವರಿಯಲ್ಲಿ ಫಾರ್ಟಿನೈನರ್ಸ್ ತಂಡಕ್ಕೆ ಅದೇ ಆಯಿತು: ಸ್ಟಾರ್ಟರ್ ಬ್ರಾಕ್ ಪರ್ಡಿಗೆ ಮೊಣಕೈ, ಬ್ಯಾಕಪ್ ಜಾಶ್ ಜಾನ್ಸನ್‌ಗೆ ತಲೆಪೆಟ್ಟು. ಸರಿಯಾಗಿ ಎಸೆಯಲಾಗದ ಪರ್ಡಿಯೇ ವಾಪಸ್ ಬರಬೇಕಾಯಿತು, ಸೋಲು 31-7. ಆ ವರ್ಷವೇ ತುರ್ತು ಮೂರನೇ ಕ್ವಾರ್ಟರ್‌ಬ್ಯಾಕ್ ನಿಯಮ ಮರಳಿ ಬಂತು. ಮೊದಲಿಬ್ಬರೂ ಗಾಯದಿಂದಲೋ ಉಚ್ಚಾಟನೆಯಿಂದಲೋ ಹೊರಗಾದರೆ ಮಾತ್ರ ಅವನು ಇಳಿಯಬಹುದು. ಆಟ ಕೆಟ್ಟಿತೆಂದು ಇಳಿಸುವಂತಿಲ್ಲ.

ಇನ್ನು ಬ್ಯಾಕಪ್ ಆಗಿ ವರ್ಷಾನುಗಟ್ಟಲೆ ಉಳಿಯುವ ವಿಚಾರ. ಅದೇ ರೂಟ್‌ಗೆ (ರಿಸೀವರ್ ಓಡುವ ಹಾದಿ) ತಂಡಕ್ಕೊಂದು ಹೆಸರು, ಹೊಸ ಕಡೆ ಹೋದರೆ ಭಾಷೆಯನ್ನೇ ಹೊಸದಾಗಿ ಕಲಿಯಬೇಕು. ಆದ್ದರಿಂದ ಜಾಣ ಬ್ಯಾಕಪ್ ತನ್ನ ಭಾಷೆ ಮಾತಾಡುವ ಕೋಚ್‌ನ ಬೆನ್ನು ಹಿಡಿಯುತ್ತಾನೆ. ಡೇನಿಯಲ್ ದಾರಿ ನೋಡಿ: ಚೀಫ್ಸ್ ತಂಡದಲ್ಲಿ ಅವರಿಗೆ ಕೋಚ್ ಆಗಿದ್ದ ಡಗ್ ಪೀಡರ್ಸನ್ ಈಗಲ್ಸ್ ಕೋಚ್ ಆದಾಗ 2016ರಲ್ಲಿ ಅಲ್ಲಿಗೆ, ಅದೇ ಚೀಫ್ಸ್‌ನ ಮ್ಯಾಟ್ ನ್ಯಾಗಿ ಬೇರ್ಸ್ ತಂಡದ ಕೋಚ್ ಆದಾಗ 2018ರಲ್ಲಿ ಆ ತಂಡಕ್ಕೆ. ಹೊಸ ಲಾಕರ್ ರೂಮಿಗೆ ಆ ಪ್ಲೇಬುಕ್ ಕಲಿಸಬಲ್ಲವರಿಗೆ ಆಡದಿದ್ದರೂ ಬೆಲೆ ಇದೆ.