ಸುಮಾ, ಅರ್ಜಿಯಲ್ಲಿ ‘ಥಿನ್ ಐಸ್’ ಬೇಡ

ಸುಮಾ, ಕಂಪನಿಗಾಗಿ ‘ಸ್ಕೇಟಿಂಗ್ ಆನ್ ಥಿನ್ ಐಸ್’ಗೂ (ತೆಳು ಮಂಜುಗಡ್ಡೆಯ ಮೇಲೆ ಜಾರುವುದಕ್ಕೂ, ಅಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದಕ್ಕೂ) ಸಿದ್ಧಳಿದ್ದೇನೆ ಎಂದು ಉದ್ಯೋಗದ ಅರ್ಜಿಯಲ್ಲಿ ಬರೆಯಬಹುದೇ ಎಂದು ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ದಯವಿಟ್ಟು ಆ ಸಾಲನ್ನು ತೆಗೆದುಬಿಡು, ಏಕೆಂದರೆ ಅದನ್ನು ಓದಿದವರು ನಿನ್ನನ್ನು ಧೈರ್ಯವಂತೆ ಎನ್ನುವುದಕ್ಕಿಂತ ಅಜಾಗರೂಕಳು ಎಂದುಕೊಳ್ಳುವ ಸಂಭವವೇ ಹೆಚ್ಚು.

ಚಳಿಗಾಲದಲ್ಲಿ ಕೆರೆ, ಕಾಲುವೆಗಳು ಹೆಪ್ಪುಗಟ್ಟುವ ಸೀಮೆಗಳ ಅನುಭವದಿಂದ ಬಂದ ಮಾತು ಇದು. ನೆದರ್‌ಲ್ಯಾಂಡ್ಸ್‌ನಲ್ಲಿ ಎಲ್ಫ್‌ಸ್ಟೇಡೆನ್‌ಟೋಖ್ಟ್ ಎಂಬ, ಸುಮಾರು 200 ಕಿಲೋಮೀಟರ್ ದೂರದ ಸ್ಕೇಟಿಂಗ್ ಸ್ಪರ್ಧೆಯೊಂದಿದೆ; ಅದಕ್ಕೆ ದಾರಿಯುದ್ದಕ್ಕೂ ಮಂಜುಗಡ್ಡೆ 15 ಸೆಂಟಿಮೀಟರ್ ದಪ್ಪವಿರಬೇಕು, ಅಷ್ಟು ಹೆಪ್ಪುಗಟ್ಟದ ಕಾರಣ 1997ರ ನಂತರ ಅದು ನಡೆದೇ ಇಲ್ಲ. ಮೇಲೆ ನಿಂತವರ ಕಣ್ಣಿಗಂತೂ ಮಂಜುಗಡ್ಡೆಯ ದಪ್ಪ ತಿಳಿಯುವುದಿಲ್ಲ. 1867ರ ಜನವರಿಯಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಕೆರೆಯ ಮೇಲೆ ನೂರಾರು ಜನರಿದ್ದಾಗ ಮಂಜುಗಡ್ಡೆ ಒಡೆದು 40 ಮಂದಿ ಪ್ರಾಣ ಕಳೆದುಕೊಂಡರು.

ನಮ್ಮ ‘ಕತ್ತಿಯ ಅಲಗಿನ ಮೇಲಿನ ನಡಿಗೆ’ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಅಲಗಿನ ಮೇಲೆ ನಡೆಯುವವನಿಗೆ ಅಪಾಯ ಕಣ್ಣೆದುರಿಗೇ ಇರುತ್ತದೆ, ಆದ್ದರಿಂದ ಅವನು ಹೆಜ್ಜೆ ಹೆಜ್ಜೆಗೂ ಎಚ್ಚರ ವಹಿಸುತ್ತಾನೆ; ತೆಳು ಮಂಜುಗಡ್ಡೆಯ ಮೇಲೆ ಜಾರುತ್ತಿರುವವನು ಅಪಾಯವನ್ನು ಅರಿತಿರುವುದಿಲ್ಲ, ಅಥವಾ ಅರಿತೂ ಲೆಕ್ಕಿಸುವುದಿಲ್ಲ. ಹೀಗಾಗಿ ಇಂಗ್ಲಿಷಿನಲ್ಲಿ ಇದು ಹೆಚ್ಚಾಗಿ ಎಚ್ಚರಿಕೆಯ ಮಾತಾಗಿಯೇ ಬಳಕೆಯಲ್ಲಿದೆ. ಪದೇ ಪದೇ ತಡವಾಗಿ ಬರುವ ನೌಕರನಿಗೆ ಮೇಲಧಿಕಾರಿಯು ‘ಯು ಆರ್ ಆನ್ ಥಿನ್ ಐಸ್’ ಎಂದರೆ, ಇನ್ನೊಂದು ತಪ್ಪಾದರೂ ಕೆಲಸ ಹೋಗುತ್ತದೆ ಎಂದೇ ತಿಳಿಯಬೇಕು. ಸರಿಯಾದ ಆಧಾರವಿಲ್ಲದೆ ವಾದ ಹೂಡಿದವರ ಬಗ್ಗೆಯೂ ಹೀಗೆಯೇ ಹೇಳುತ್ತಾರೆ. ಅರ್ಜಿ ಹಾಕುವವಳು ತನ್ನನ್ನು ತಾನೇ ಆ ಸ್ಥಿತಿಯಲ್ಲಿ ನಿಲ್ಲಿಸಿಕೊಳ್ಳುವುದು ಸರಿಯಲ್ಲ.

‘ಗೋ ಔಟ್ ಆನ್ ಎ ಲಿಂಬ್’ ಎಂಬುದು ನಿನ್ನ ಆಶಯಕ್ಕೆ ಹತ್ತಿರವಾದದ್ದು. ಬೇರೆ ಯಾರ ಬೆಂಬಲವಿಲ್ಲದಿದ್ದರೂ ತನಗೆ ಸರಿಯೆನಿಸಿದ್ದರ ಪರವಾಗಿ ತಿಳಿದೇ ಅಪಾಯಕ್ಕೆ ಒಡ್ಡಿಕೊಳ್ಳುವುದು ಅದರ ಅರ್ಥ. ಆದರೂ ಅದು ಮಾತುಕತೆಗೆ ಒಪ್ಪುವಷ್ಟು ಅರ್ಜಿಗೆ ಒಪ್ಪುವುದಿಲ್ಲ. ‘ಕ್ಯಾಲ್ಕ್ಯುಲೇಟೆಡ್ ರಿಸ್ಕ್’ (ಅಳೆದು ತೂಗಿ ಎದುರಿಸುವ ಅಪಾಯ) ಎಂದು ನೇರವಾಗಿ ಬರೆದು, ಪೂರ್ತಿ ಮಾಹಿತಿ ಕೈಯಲ್ಲಿಲ್ಲದಿದ್ದಾಗಲೂ ಸಾಧಕಬಾಧಕಗಳನ್ನು ತೂಗಿ ನೀನು ನಿರ್ಧಾರ ಕೈಗೊಂಡ ಒಂದು ನಿಜವಾದ ಸಂದರ್ಭವನ್ನು ಅದರ ಕೆಳಗೆ ಎರಡು ಸಾಲಿನಲ್ಲಿ ವಿವರಿಸು. ತಿದ್ದಿದ ಪತ್ರವನ್ನು ಕಳುಹಿಸುವ ಮೊದಲು ಇಲ್ಲಿ ಹಾಕಮ್ಮಾ, ನಾನು ಇನ್ನೊಮ್ಮೆ ಓದಿ ಹೇಳುತ್ತೇನೆ.