ಮಲೆನಾಡಿನ ಬೃಹತ್ ಕಾದಂಬರಿಯೋ, ಬೆಂಗಳೂರಿನ ಕಿರುಕಾದಂಬರಿಯೋ?

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಸಿಗುವ ಗೌರವ ಬೆರಗು ಹುಟ್ಟಿಸಿದರೂ, ಪಾತ್ರಗಳ ದಟ್ಟಣೆಯಲ್ಲಿ ಕಥೆಯ ಎಳೆ ಮತ್ತೆ ಮತ್ತೆ ಕೈತಪ್ಪುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಓಟಕ್ಕೆ ಓದಿಸಿಕೊಂಡಿತು. ಹಳೆಯದನ್ನೇ ಹೆಚ್ಚು ಮೆಚ್ಚಬೇಕೆಂಬ ಒತ್ತಾಯವೇಕೆ?

ಉತ್ತರ 1: ಒತ್ತಾಯವೇನೂ ಬೇಡ. ಆದರೆ ಆ ಕಾದಂಬರಿಗೆ ಒಬ್ಬನೇ ನಾಯಕನಿಲ್ಲವೆಂದು ಒಪ್ಪಿಕೊಂಡು ಓದಿದರೆ, ನೀವು ದಟ್ಟಣೆ ಎಂದದ್ದೇ ಅದರ ವಿನ್ಯಾಸವೆಂದು ತೋರಬಹುದು.

ಉತ್ತರ 2: ‘ಘಾಚರ್ ಘೋಚರ್’ ಸಲೀಸು ಎಂಬುದಕ್ಕೆ ನನ್ನ ತಕರಾರಿದೆ. ದಿಢೀರನೆ ಹಣ ಬಂದ ಮನೆಯ ಕ್ರೌರ್ಯವನ್ನು ನಿರೂಪಕನು ಹೇಳುವುದಕ್ಕಿಂತ ಮರೆಸುವುದೇ ಹೆಚ್ಚು. ಅವನನ್ನು ನಂಬದೆ ಇನ್ನೊಮ್ಮೆ ಓದಿ.

ಪ್ರಶ್ನೆ ಕೇಳಿದವರು: ನಿರೂಪಕನ ಹೆಂಡತಿ ಅನಿತಾಳ ವಿಷಯದಲ್ಲಿ ಆ ಅನುಮಾನ ನನಗೂ ಇತ್ತು. ಆದರೂ ‘ಮದುಮಗಳು’ ನೂರು ಪುಟ ಕಡಿಮೆಯಿದ್ದರೆ ಚೆನ್ನಿತ್ತೆಂಬ ಅಭಿಪ್ರಾಯದಿಂದ ನಾನು ಹಿಂದೆ ಸರಿಯುವುದಿಲ್ಲ.